ಗಾರ್ಲಿಕ್ ಬ್ರೆಡ್ ಪ್ಯಾಕೆಟ್ ಮೇಲೆ ಏರ್ ಫ್ರೈಯರ್ ವಿಧಾನವನ್ನೂ ಬರೆಯಿರಿ, ಕನ್ನಡದಲ್ಲೇ ಬರೆಯಿರಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಮೈಸೂರಿನ ಒಂದು ಸೂಪರ್ ಮಾರ್ಕೆಟ್‌ನಲ್ಲಿ ಫ್ರೀಜರ್ ವಿಭಾಗ ನೋಡಿಕೊಳ್ಳುವುದು ನನ್ನ ಕೆಲಸ. ಬಟಾಣಿ, ಸ್ವೀಟ್ ಕಾರ್ನ್, ಪರೋಟ, ಫ್ರೆಂಚ್ ಫ್ರೈಸ್, ಎಲ್ಲ ಅಲ್ಲೇ ಇರುತ್ತವೆ. ಬಟಾಣಿ ಪ್ಯಾಕೆಟ್ಟನ್ನು ಯಾರೂ ಓದುವುದಿಲ್ಲ, ಬುಟ್ಟಿಗೆ ಹಾಕಿಕೊಂಡು ಹೋಗುತ್ತಾರೆ. ಗಾರ್ಲಿಕ್ ಬ್ರೆಡ್ ಹಾಗಲ್ಲ. ಅದನ್ನು ಕೈಗೆತ್ತಿಕೊಂಡು ಹಿಂದೆ ಮುಂದೆ ತಿರುಗಿಸುತ್ತಾರೆ, ಕನ್ನಡಕ ಹುಡುಕುತ್ತಾರೆ, ಕೊನೆಗೆ ನನ್ನ ಹತ್ತಿರ ಬರುತ್ತಾರೆ. "ಇದನ್ನ ಏರ್ ಫ್ರೈಯರ್‌ನಲ್ಲಿ ಮಾಡೋದು ಹೇಗಮ್ಮಾ?" ಅಂತ ಕೇಳುತ್ತಾರೆ.

ನಮ್ಮ ಅಂಗಡಿಗೆ ಬರುವ ಹೆಚ್ಚಿನ ಪ್ಯಾಕೆಟ್‌ಗಳಲ್ಲಿ ಇದಕ್ಕೆ ಉತ್ತರ ಇಲ್ಲ. ಓವನ್ ಲೆಕ್ಕ ಇರುತ್ತದೆ, ಕೆಲವದರಲ್ಲಿ ತವಾ ಲೆಕ್ಕ ಇರುತ್ತದೆ. ಅದೂ ಇಂಗ್ಲಿಷಿನಲ್ಲಿ, ಕಣ್ಣು ಕಿರಿದು ಮಾಡಿ ಓದಬೇಕಾದಷ್ಟು ಸಣ್ಣ ಅಕ್ಷರದಲ್ಲಿ. ಈ ಎರಡು ಕೊರತೆಯ ಬಗ್ಗೆಯೇ ನಾನು ಬರೆಯುತ್ತಿರುವುದು.

ಇದೇನು ದೊಡ್ಡ ವಿಷಯ ಅಂತ ಯಾರಿಗಾದರೂ ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ನಮ್ಮ ಅಂಗಡಿಗೆ ತಪ್ಪದೆ ಬರುವ ಒಬ್ಬ ಅಜ್ಜಿ ಇದ್ದಾರೆ. ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ. ಸಾಯಂಕಾಲ ಸ್ಕೂಲಿನಿಂದ ಬರುವ ಮೊಮ್ಮಕ್ಕಳಿಗೆ ತಿಂಡಿ ಮಾಡಿಕೊಡುವುದು ಅವರೇ. ಗ್ಯಾಸ್ ಒಲೆಯ ಮುಂದೆ ಜಾಸ್ತಿ ಹೊತ್ತು ನಿಲ್ಲುವುದು ಬೇಡ ಅಂತ ಮಗ ಏರ್ ಫ್ರೈಯರ್ ತಂದುಕೊಟ್ಟಿದ್ದಾನೆ. ಅಜ್ಜಿ ಮೊಮ್ಮಗಳ ಕೈಲಿ ಪ್ಯಾಕೆಟ್ ಓದಿಸಿದರು. 220 ಡಿಗ್ರಿ, 12 ನಿಮಿಷ ಅಂತಿತ್ತು. ಅವರ ಏರ್ ಫ್ರೈಯರ್ 200ಕ್ಕಿಂತ ಮೇಲೆ ಹೋಗುವುದಿಲ್ಲ. ಸರಿ ಅಂತ ಪೂರ್ತಿ 200ಕ್ಕೇ ತಿರುಗಿಸಿ 12 ನಿಮಿಷ ಬಿಟ್ಟರು. ಮೇಲಿನ ಬೆಳ್ಳುಳ್ಳಿ ಕಪ್ಪಗೆ ಸೀದು ಕಹಿಯಾಯಿತು, ಒಳಗಿನ ಚೀಸ್ ಇನ್ನೂ ತಣ್ಣಗಿತ್ತು. "ಮಿಷನ್ನೇ ಕೆಟ್ಟಿದೆ ಅಂದ್ಕೊಂಡೆ ಕಣಮ್ಮಾ, ಮಗನಿಗೆ ಹೇಳೋಕೂ ಬೇಜಾರು" ಅಂದರು. ಮಿಷನ್ ಸರಿಯಾಗಿತ್ತು. ಅಜ್ಜಿ ಮಾಡಿದ್ದೂ ಸರಿಯೇ, ಪ್ಯಾಕೆಟ್ ಹೇಳಿದಂತೆ ಮಾಡಿದ್ದರು. ಅದರ ಮೇಲಿದ್ದದ್ದು ಬೇರೆ ಸಾಧನದ ಲೆಕ್ಕ.

ಏರ್ ಫ್ರೈಯರ್ ಅಂದರೆ ಹೆಸರಿಗೆ ಫ್ರೈಯರ್, ಕೆಲಸದಲ್ಲಿ ಅದೊಂದು ಪುಟ್ಟ ಓವನ್. ಮೇಲ್ಗಡೆ ಕಾಯಿಲ್ ಕಾಯುತ್ತದೆ, ಅದರ ಹಿಂದಿನ ಫ್ಯಾನ್ ಬಿಸಿಗಾಳಿಯನ್ನು ಜೋರಾಗಿ ಬುಟ್ಟಿಯ ಸುತ್ತ ಓಡಿಸುತ್ತದೆ. ಬಿಸಿಲಿನ ಜೊತೆ ಗಾಳಿಯೂ ಇದ್ದರೆ ಹಪ್ಪಳ ಬೇಗ ಒಣಗುತ್ತಲ್ಲ, ಹಾಗೆ. ಫ್ಯಾನ್ ಹಾಕದ ಓವನ್‌ನಲ್ಲಿ ಗಾಳಿ ಅಷ್ಟು ಓಡಾಡುವುದಿಲ್ಲ, ಜಾಗವೂ ದೊಡ್ಡದು. ಹಾಗಾಗಿ ಓವನ್ನಿಗೆ ಬರೆದ ಡಿಗ್ರಿಯನ್ನು ಇಲ್ಲಿ 20ರಿಂದ 30ರಷ್ಟಾದರೂ ಇಳಿಸಬೇಕು, ಹೊತ್ತನ್ನೂ ಕಡಿಮೆ ಮಾಡಬೇಕು. ಬೆಳ್ಳುಳ್ಳಿ ಬೇಗ ಸೀಯುವುದರಿಂದ ಗಾರ್ಲಿಕ್ ಬ್ರೆಡ್ಡಿಗೆ ಇನ್ನೂ ಸ್ವಲ್ಪ ಇಳಿಸಿದರೆ ಒಳ್ಳೆಯದು. ಇಷ್ಟನ್ನು ಬರೆಯಲು ಪ್ಯಾಕೆಟ್ ಮೇಲೆ ಒಂದು ಸಾಲು ಸಾಕು.

ಆ ಒಂದು ಸಾಲು ಬರುವವರೆಗೆ ಗಿರಾಕಿಗಳಿಗೆ ನಾನು ಹೇಳುವ ವಿಧಾನವನ್ನು ನಿಮ್ಮ ಓದುಗರಿಗೂ ಹೇಳುತ್ತೇನೆ. ನಮ್ಮ ಮನೆಯಲ್ಲಿರುವುದು ನಾಲ್ಕು ಲೀಟರಿನ ಸಾಧಾರಣ ಏರ್ ಫ್ರೈಯರ್. ಮೊದಲು ಖಾಲಿ ಬುಟ್ಟಿಯನ್ನು 170 ಡಿಗ್ರಿಯಲ್ಲಿ ಮೂರು ನಿಮಿಷ ಕಾಯಿಸಿ. ಬ್ರೆಡ್ಡನ್ನು ಮೊದಲೇ ಹೊರಗೆ ತೆಗೆದಿಟ್ಟು ಕರಗಿಸಬೇಡಿ. ಹಾಗೆ ಮಾಡಿದರೆ ಬೆಣ್ಣೆ ಮೊದಲೇ ಕರಗಿ ಬ್ರೆಡ್ಡಿನೊಳಗೆ ಇಳಿದು, ಅಡಿಭಾಗ ಮೆತ್ತಗಾಗುತ್ತದೆ. ಗಟ್ಟಿಯಾಗಿದ್ದಾಗಲೇ ಬೆಣ್ಣೆ ಸವರಿದ ಭಾಗ ಮೇಲೆ ಬರುವಂತೆ ಬುಟ್ಟಿಯಲ್ಲಿ ಇಡಿ. ತುಂಡುಗಳ ನಡುವೆ ಒಂದು ಬೆರಳಿನಷ್ಟು ಸಂದು ಇರಲಿ, ಒಂದರ ಮೇಲೊಂದು ಬೇಡ. ಎಣ್ಣೆ ಸ್ಪ್ರೇ ಮಾಡುವ ಅಗತ್ಯವೇ ಇಲ್ಲ, ಅದರಲ್ಲಿರುವ ಬೆಣ್ಣೆಯೇ ಸಾಕು.

ಒಂದು ಬೆರಳು ದಪ್ಪದ ತುಂಡುಗಳಾದರೆ 170 ಡಿಗ್ರಿಯಲ್ಲಿ ನಾಲ್ಕರಿಂದ ಆರು ನಿಮಿಷ. ನಾಲ್ಕನೇ ನಿಮಿಷಕ್ಕೆ ಬುಟ್ಟಿ ಎಳೆದು ನೋಡಲೇಬೇಕು. ಎಳೆದರೆ ಕೆಟ್ಟುಹೋಗುತ್ತದೆ ಅಂತ ಹೆದರುವವರಿದ್ದಾರೆ, ಏನೂ ಆಗುವುದಿಲ್ಲ. ಆ ಹೊತ್ತಿಗೆ ಬೆಣ್ಣೆ ಸಣ್ಣಗೆ ಗುಳ್ಳೆ ಏಳುತ್ತಿರುತ್ತದೆ, ಕೊತ್ತಂಬರಿಯಂಥ ಹಸಿರು ಚೂರು ಇನ್ನೂ ಹಸಿರಾಗಿಯೇ ಇರುತ್ತದೆ, ಅಂಚು ಮಾತ್ರ ಹೊಂಬಣ್ಣಕ್ಕೆ ತಿರುಗಿರುತ್ತದೆ. ಬೆರಳಿನಿಂದ ಅಂಚನ್ನು ತಟ್ಟಿದರೆ ಗರಿಗರಿ ಸದ್ದು ಬರಬೇಕು, ನಡುಭಾಗ ಒತ್ತಿದರೆ ಮೆತ್ತಗಿರಬೇಕು. ಮೆತ್ತಗಿಲ್ಲದೆ ಬಿಗಿಯಾಗಿದ್ದರೆ ಒಳಗೆ ಇನ್ನೂ ಮಂಜು ಇದೆ ಅಂತ ಅರ್ಥ. ಆಗ ಡಿಗ್ರಿ ಏರಿಸಬೇಡಿ, ಒಂದು ನಿಮಿಷ ಜಾಸ್ತಿ ಕೊಡಿ. ಬೆಳ್ಳುಳ್ಳಿ ಚೂರು ಕಂದು ಬಣ್ಣಕ್ಕೆ ಬಂದ ಮೇಲೆ ಕಪ್ಪಾಗಲು ಹೊತ್ತೇ ಬೇಕಿಲ್ಲ. ಒಮ್ಮೆ ಕಹಿಯಾದರೆ ಅದಕ್ಕೆ ಮದ್ದೂ ಇಲ್ಲ.

ಒಳಗೆ ಚೀಸ್, ಕಾರ್ನ್ ತುಂಬಿದ ಅರ್ಧಚಂದ್ರದ ಥರದ್ದು ಬರುತ್ತದಲ್ಲ, ಮಕ್ಕಳು ಕೇಳುವುದು ಅದನ್ನೇ. ಅಜ್ಜಿ ಮನೆಯಲ್ಲಿ ಸೀದದ್ದೂ ಅದೇ. ಅದಕ್ಕೆ 160 ಡಿಗ್ರಿ ಸಾಕು, ಎಂಟರಿಂದ ಹತ್ತು ನಿಮಿಷ ಬೇಕು. ಬಿಸಿ ಒಳಗಿನವರೆಗೆ ಇಳಿಯಲು ಹೊತ್ತು ಬೇಕಲ್ವಾ? ಮೇಲೆ ಬೇಗ ಬಣ್ಣ ಬಂದರೆ ಒಂದು ತುಂಡು ಫಾಯಿಲನ್ನು ಬ್ರೆಡ್ಡಿಗೆ ಬಿಗಿಯಾಗಿ ಹೊದಿಸಿ, ಅಂಚುಗಳನ್ನು ಅಡಿಗೆ ಮಡಚಿ. ನಡುವೆ ಚಾಕುವಿನ ತುದಿ ಚುಚ್ಚಿ ಹೊರಗೆ ತೆಗೆದು ಮುಟ್ಟಿ ನೋಡಿದರೆ ಬಿಸಿ ಗೊತ್ತಾಗುತ್ತದೆ. ತೆಗೆದ ಮೇಲೆ ಒಂದೆರಡು ನಿಮಿಷ ಬಿಟ್ಟು ಮಕ್ಕಳ ಕೈಗೆ ಕೊಡಿ, ಕರಗಿದ ಚೀಸ್ ನಾಲಿಗೆ ಸುಡುತ್ತದೆ. ಹಾಗಂತ ತಣ್ಣಗಾಗುವವರೆಗೂ ಕಾಯಬೇಡಿ. ಬಿಸಿ ಮಾಡಿದ ಬ್ರೆಡ್ ಆರಿದರೆ ಮೊದಲಿಗಿಂತ ಗಟ್ಟಿಯಾಗುತ್ತದೆ. ಅದಕ್ಕೇ ಎಷ್ಟು ಜನ ಇದ್ದಾರೋ ಅಷ್ಟೇ ತುಂಡು ಬೇಯಿಸಿ, ಉಳಿದದ್ದು ಫ್ರೀಜರ್‌ನಲ್ಲಿರಲಿ.

ಉದ್ದನೆಯ ಇಡೀ ಲೋಫ್ ಚಿಕ್ಕ ಬುಟ್ಟಿಯಲ್ಲಿ ಹಿಡಿಸುವುದಿಲ್ಲ. ಹಲ್ಲಿರುವ ಬ್ರೆಡ್ ಚಾಕುವಿನಿಂದ ಎರಡು ತುಂಡು ಮಾಡಿಕೊಳ್ಳಿ. ತೀರಾ ಕಲ್ಲಿನಂತಿದ್ದರೆ ಐದು ನಿಮಿಷ ಹೊರಗಿಟ್ಟರೆ ಚಾಕು ಇಳಿಯುತ್ತದೆ, ಅಷ್ಟಕ್ಕೆ ಬೆಣ್ಣೆ ಕರಗುವುದಿಲ್ಲ. ಇದಕ್ಕೂ 160ರಲ್ಲಿ ಎಂಟು ನಿಮಿಷದ ಮೇಲೆ ಬೇಕು.

ಪೇಪರಿನ ವಿಷಯ ಹೇಳಲೇಬೇಕು, ಯಾಕೆಂದರೆ ಇದು ಬ್ರೆಡ್ ಸೀಯುವುದಕ್ಕಿಂತ ಗಂಭೀರ. ಬುಟ್ಟಿ ತೊಳೆಯುವ ಕಷ್ಟ ತಪ್ಪಲಿ ಅಂತ ಬಟರ್ ಪೇಪರ್ ಹಾಸುವವರು ತುಂಬಾ ಜನ. ಹಾಸಿ, ಬೇಡ ಅನ್ನುವುದಿಲ್ಲ. ಆದರೆ ಅದು ಓವನ್ನಿನ ಬಿಸಿ ತಡೆಯುವ ಬೇಕಿಂಗ್ ಪೇಪರ್ ಆಗಿರಲಿ, ಚಪಾತಿ ಸುತ್ತುವ ತೆಳು ಕಾಗದ ಬೇಡ. ಬುಟ್ಟಿ ಕಾಯಿಸುವಾಗ ಖಾಲಿ ಪೇಪರ್ ಒಳಗಿಡಬೇಡಿ. ಫ್ಯಾನಿನ ಗಾಳಿಗೆ ಅದು ಮೇಲೆ ಹಾರಿ ಕಾಯಿಲ್‌ಗೆ ತಾಗಿದರೆ ಹೊತ್ತಿಕೊಳ್ಳುತ್ತದೆ. ಬ್ರೆಡ್ಡಿನ ಭಾರ ಮೇಲೆ ಕೂತ ಮೇಲೇ ಪೇಪರ್ ಒಳಗೆ ಹೋಗಬೇಕು, ಅಂಚು ಬ್ರೆಡ್ಡಿನಿಂದ ಹೊರಗೆ ಚಾಚಿರಬಾರದು. ಬೇಯುತ್ತಿರುವ ಬ್ರೆಡ್ಡಿನ ಮೇಲೆ ಚೀಸ್ ಸ್ಲೈಸ್ ಸುಮ್ನೆ ಇಟ್ಟರೆ ಅದೂ ಹಾರುತ್ತದೆ. ತುರಿದ ಚೀಸನ್ನು ಬೆಣ್ಣೆ ಮೆತ್ತಗಾದ ಮೇಲೆ ಉದುರಿಸಿ ಚಮಚದ ಹಿಂಭಾಗದಿಂದ ಸ್ವಲ್ಪ ಒತ್ತಿದರೆ ಅಂಟಿಕೊಳ್ಳುತ್ತದೆ. ಬುಟ್ಟಿಯ ಕೆಳಗಿನ ತಟ್ಟೆಗೆ ಬೆಣ್ಣೆ ತೊಟ್ಟಿಕ್ಕಿರುತ್ತದೆ. ಅದನ್ನು ಪ್ರತಿ ಸಲ ಒರೆಸಿ, ಇಲ್ಲದಿದ್ದರೆ ಮುಂದಿನ ಸಲ ಹೊಗೆ ಬರುತ್ತದೆ. ಕಬ್ಬಿಣದ ಇಕ್ಕಳ, ಸ್ಟೀಲ್ ನಾರು ಎರಡೂ ಬೇಡ, ಒಳಗಿನ ಲೇಪ ಎದ್ದು ಹೋಗುತ್ತದೆ.

ಕರೆಂಟಿನ ಬಗ್ಗೆ ಕೇಳುವವರೂ ಜಾಸ್ತಿ. ಗೃಹಜ್ಯೋತಿ ಬಂದ ಮೇಲೆ ಪ್ರತಿ ಮನೆಯಲ್ಲೂ ಯೂನಿಟ್ ಲೆಕ್ಕ ಬಾಯಿಪಾಠ ಆಗಿದೆ. 1500 ವ್ಯಾಟಿನ ಏರ್ ಫ್ರೈಯರ್ ಒಂಬತ್ತು ನಿಮಿಷ ಬಿಡದೆ ಓಡಿದರೂ ಕಾಲು ಯೂನಿಟ್ ಮುಟ್ಟುವುದಿಲ್ಲ. ಅದೇ ದೊಡ್ಡ ಓವನ್ ಆದರೆ ಕಾಯಲಿಕ್ಕೇ ಹತ್ತು ಹದಿನೈದು ನಿಮಿಷ ಬೇಕು. ಆದ್ದರಿಂದ ನಾಲ್ಕು ತುಂಡು ಬ್ರೆಡ್ಡಿಗೆ ಏರ್ ಫ್ರೈಯರೇ ವಾಸಿ. ಆದರೆ 1500 ವ್ಯಾಟ್ ಅಂದರೆ ಆರೂವರೆ ಆಂಪಿಯರ್ ಕರೆಂಟ್. ಮೊಬೈಲ್ ಚಾರ್ಜ್ ಮಾಡುವ ಚಿಕ್ಕ ಸಾಕೆಟ್ ಇರುವುದು 6 ಆಂಪಿಯರಿಗೆ. ಎಕ್ಸ್‌ಟೆನ್ಷನ್ ಬಾಕ್ಸಿಗೆ ಮಿಕ್ಸಿ, ಏರ್ ಫ್ರೈಯರ್ ಎರಡನ್ನೂ ಚುಚ್ಚಿ ಪ್ಲಗ್ ಕರಗಿಸಿಕೊಂಡವರನ್ನು ನಾನು ಬಲ್ಲೆ. ಗೀಸರಿಗೆ ಇರುವಂಥ ದೊಡ್ಡ 16 ಆಂಪಿಯರ್ ಪವರ್ ಪಾಯಿಂಟಿಗೇ ಹಾಕಿ. ಗೋಡೆಯಿಂದ ಸ್ವಲ್ಪ ದೂರ ಇಡಿ, ಹಿಂಭಾಗದಿಂದ ಬಿಸಿಗಾಳಿ ಹೊರಗೆ ಬರುತ್ತಿರುತ್ತದೆ.

ಇನ್ನು ನನ್ನ ಫ್ರೀಜರಿನ ಮಾತು. ಬೇಯಿಸುವುದು ಎಷ್ಟೇ ಸರಿಯಿದ್ದರೂ, ದಾರಿಯಲ್ಲೇ ಕರಗಿ ಮತ್ತೆ ಗಟ್ಟಿಯಾದ ಪ್ಯಾಕೆಟ್ ಮನೆಗೆ ಬಂದರೆ ಬ್ರೆಡ್ ಚೆನ್ನಾಗಿ ಬರುವುದಿಲ್ಲ. ಇದನ್ನು ಗುರುತಿಸುವುದನ್ನು ಎಲ್ಲರೂ ಕಲಿಯಬೇಕು ಅನ್ನುವುದು ನನ್ನ ಆಸೆ. ಫ್ರೋಜನ್ ಪದಾರ್ಥ ಮೈನಸ್ 18 ಡಿಗ್ರಿಯಲ್ಲಿ ಇರಬೇಕು. ಪ್ಯಾಕೆಟ್ ಅಲ್ಲಾಡಿಸಿ. ತುಂಡುಗಳು ಬಿಡಿಬಿಡಿಯಾಗಿ ಕಟಕಟ ಅಂದರೆ ಒಳ್ಳೆಯದು. ಎಲ್ಲ ಸೇರಿ ಒಂದೇ ಗಟ್ಟಿ ಆಗಿದ್ದರೆ ಅನುಮಾನ ಪಡಿ. ಪಾರದರ್ಶಕ ಕವರ್ ಇದ್ದರೆ ಬೆಳಕಿಗೆ ಹಿಡಿದು ನೋಡಿ. ಹಳದಿ ಬೆಣ್ಣೆ ಕವರಿನ ಒಳಮೈಗೆ ಬಳಿದುಕೊಂಡಿದ್ದರೆ ಅದು ಎಲ್ಲೋ ಒಂದು ಕಡೆ ಕರಗಿದೆ. ಹರಳು ಹರಳಾಗಿ ಮಂಜು ಒಳಗೆ ಕೂತಿದ್ದರೂ ಅಷ್ಟೇ. ಬೆಳಗ್ಗೆ ಸ್ಟಾಕ್ ಇಳಿಸಿಕೊಳ್ಳುವಾಗ ಇಂಥವನ್ನು ನಾನು ವಾಪಸ್ ಕಳಿಸುತ್ತೇನೆ. ಗಾಡಿಯವನ ಜೊತೆ ಮಾತಿಗೆ ಮಾತು ಆಗುತ್ತದೆ, ಆಗಲಿ. ಫ್ರೀಜರ್ ಪೆಟ್ಟಿಗೆಯ ಒಳಗೋಡೆಯಲ್ಲಿ ಒಂದು ಗೆರೆ ಇರುತ್ತದೆ, ಆ ಗೆರೆಗಿಂತ ಮೇಲೆ ಪೇರಿಸಿದ ಪ್ಯಾಕೆಟ್‌ಗಳಿಗೆ ತಣ್ಣನೆ ಗಾಳಿ ತಾಕುವುದಿಲ್ಲ. ಗೆರೆಯ ಕೆಳಗಿನದ್ದನ್ನೇ ತೆಗೆದುಕೊಳ್ಳಿ. ಎಲ್ಲ ಸಾಮಾನು ಆದ ಮೇಲೆ ಕೊನೆಗೆ ಇದನ್ನು ತೆಗೆದುಕೊಂಡು, ಏಪ್ರಿಲ್ ಮೇ ಬಿಸಿಲಿನಲ್ಲಂತೂ ಎಲ್ಲೂ ನಿಲ್ಲದೆ ಮನೆಗೆ ಹೋಗಿ.

ಮನೆಯಲ್ಲಿ ಫ್ರಿಡ್ಜಿನ ಕೆಳಗಿನ ಅರೆಯಲ್ಲಿ ಇಡುವವರೂ ಇದ್ದಾರೆ, ಬೇಗ ಬೇಯುತ್ತದೆ ಅಂತ. ಬ್ರೆಡ್ ಅತಿ ಬೇಗ ಹಳಸಲಾಗಿ ಒಣಗುವುದು ಫ್ರಿಡ್ಜಿನ ಆ ತಂಪಿನಲ್ಲೇ. ಫ್ರೀಜರ್‌ನಲ್ಲೇ ಇಡಿ. ಕರೆಂಟ್ ಗಂಟೆಗಟ್ಟಲೆ ಹೋದರೆ ಬಾಗಿಲು ತೆಗೆಯಬೇಡಿ. ಒಮ್ಮೆ ಪೂರ್ತಿ ಕರಗಿತು ಅನ್ನಿಸಿದರೆ ಮತ್ತೆ ಗಟ್ಟಿ ಮಾಡಬೇಡಿ. ಕರಗಿ ಹೆಚ್ಚು ಹೊತ್ತಾಗದೆ ಇನ್ನೂ ತಣ್ಣಗಿದ್ದರೆ ಅವತ್ತೇ ಬೇಯಿಸಿ ತಿನ್ನಿ.

ಪ್ಯಾಕೆಟ್ ಹಿಂದೆ ಓದಬೇಕಾದದ್ದು ಇನ್ನೊಂದಿದೆ. ಪದಾರ್ಥಗಳ ಪಟ್ಟಿಯಲ್ಲಿ ಯಾವುದು ಜಾಸ್ತಿ ಇದೆಯೋ ಅದು ಮೊದಲು ಬರುತ್ತದೆ. ಮೈದಾ ಆದ ಮೇಲೆ ಬೆಣ್ಣೆ ಇದೆಯೋ, ಇಲ್ಲ ಎಣ್ಣೆಯಿಂದ ಬೆಣ್ಣೆಯಂತೆ ಮಾಡುವ ಮಾರ್ಗರಿನ್, ತಾಳೆ ಎಣ್ಣೆ ಇದೆಯೋ ನೋಡಿ. ಹೃದಯಕ್ಕೆ ಕೆಟ್ಟದ್ದಾದ ಟ್ರಾನ್ಸ್ ಫ್ಯಾಟ್, ಪದಾರ್ಥದಲ್ಲಿರುವ ಒಟ್ಟು ಎಣ್ಣೆ, ಕೊಬ್ಬಿನಲ್ಲಿ ಶೇ 2ರ ಮೇಲೆ ಹೋಗಬಾರದು ಅಂತ ಆಹಾರ ಸುರಕ್ಷತಾ ಪ್ರಾಧಿಕಾರ 2022ರಿಂದ ನಿಯಮ ಮಾಡಿದೆ, ಅದು ಒಳ್ಳೆಯದೇ. ಉಪ್ಪಿನ ಅಂಶವನ್ನು ಬಿಪಿ ಇರುವವರು ನೋಡಲೇಬೇಕು. ಆದರೆ ಬಿಪಿ ಇರುವ ನಮ್ಮ ಅಜ್ಜಿಗೆ ಇಂಗ್ಲಿಷ್ ಬರುವುದಿಲ್ಲ. ಅವರು ಹೇಗೆ ನೋಡಬೇಕು?

ಇದೆಲ್ಲ ತಲೆನೋವು ಬೇಡ ಅನ್ನುವವರಿಗೆ ನಾನು ಪಕ್ಕದ ಬೇಕರಿಯ ದಾರಿ ತೋರಿಸುತ್ತೇನೆ, ನಮ್ಮ ಮಾಲೀಕರಿಗೆ ಇಷ್ಟವಾಗದಿದ್ದರೂ ಸರಿ. ಅಯ್ಯಂಗಾರ್ ಬೇಕರಿಯಲ್ಲಿ ಕತ್ತರಿಸದ ಬ್ರೆಡ್ ಕೇಳಿ ತಂದು ದಪ್ಪಗೆ ಕೊಯ್ಯಿರಿ. 50 ಗ್ರಾಂ ಮೆತ್ತಗಿನ ಬೆಣ್ಣೆಗೆ ನಾಲ್ಕೈದು ಎಸಳು ಬೆಳ್ಳುಳ್ಳಿ ಜಜ್ಜಿ ಹಾಕಿ, ಉಪ್ಪು, ಸಣ್ಣಗೆ ಹೆಚ್ಚಿದ ಕೊತ್ತಂಬರಿ ಸೊಪ್ಪು ಸೇರಿಸಿ ಸವರಿ. ತಟ್ಟೆಯಲ್ಲಿ ಬಿಡಿಬಿಡಿಯಾಗಿಟ್ಟು ಫ್ರೀಜರ್‌ನಲ್ಲಿ ಗಟ್ಟಿಯಾದ ಮೇಲೆ ಕವರಿಗೆ ತುಂಬಿ. ಒಂದು ತಿಂಗಳು ಚೆನ್ನಾಗಿರುತ್ತದೆ. ಹಸಿ ಬೆಳ್ಳುಳ್ಳಿ ಹಾಕಿದ ಬೆಣ್ಣೆಯನ್ನು ಮಾತ್ರ ಹೊರಗೆ ಇಟ್ಟುಕೊಳ್ಳಬೇಡಿ, ಅದು ಕೆಟ್ಟರೆ ವಾಸನೆಯಿಂದ ಗೊತ್ತಾಗುವುದಿಲ್ಲ.

ಈಗ ನನ್ನ ಬೇಡಿಕೆ. ಏರ್ ಫ್ರೈಯರನ್ನು ಫಿಲಿಪ್ಸ್ ಕಂಪನಿ ಮಾರುಕಟ್ಟೆಗೆ ತಂದದ್ದು 2010ರಲ್ಲಿ. ಆಮೇಲೆ ಅದು ನಮ್ಮ ಮೈಸೂರಿನ ಮಧ್ಯಮ ವರ್ಗದ ಅಡುಗೆಮನೆಗೂ ಬಂತು. ಇಂಗ್ಲೆಂಡಿನಲ್ಲಿ ಓದುತ್ತಿರುವ ನನ್ನ ಅಕ್ಕನ ಮಗಳು ಅಲ್ಲಿಯ ಫ್ರೋಜನ್ ಪ್ಯಾಕೆಟ್‌ಗಳ ಫೋಟೋ ಕಳಿಸಿದ್ದಳು. ಓವನ್ ಲೆಕ್ಕದ ಪಕ್ಕದಲ್ಲೇ ಏರ್ ಫ್ರೈಯರ್ ಲೆಕ್ಕ, ಚಿತ್ರದ ಸಮೇತ ಇದೆ. ಇಲ್ಲಿ ಮಾರುವವರಿಗೆ ಇದು ಯಾಕೆ ಕಷ್ಟ?

ಭಾಷೆಯದು ಇನ್ನೂ ದೊಡ್ಡ ಕೊರತೆ. 2020ರ ಆಹಾರ ಲೇಬಲ್ ನಿಯಮದಲ್ಲಿ ವಿವರಗಳು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಇರಬೇಕು ಅಂತಿದೆ. ಜೊತೆಗೆ ಬೇರೆ ಭಾಷೆ ಹಾಕಲು ಅಡ್ಡಿಯಿಲ್ಲ ಅಂತಲೂ ಅದರಲ್ಲೇ ಇದೆ. ನಮ್ಮ ರಾಜ್ಯದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ, 2022ರ ಪ್ರಕಾರ ಇಲ್ಲಿ ತಯಾರಾಗಿ ಇಲ್ಲಿ ಮಾರುವ ವಸ್ತುಗಳ ಮೇಲೆ ಹೆಸರು, ಬಳಸುವ ವಿಧಾನ ಕನ್ನಡದಲ್ಲೂ ಇರಬೇಕು. ಆದರೆ ನನ್ನ ಫ್ರೀಜರಿಗೆ ಬರುವ ಎಷ್ಟೋ ಪ್ಯಾಕೆಟ್‌ಗಳು ತಯಾರಾಗುವುದು ಹೊರ ರಾಜ್ಯದಲ್ಲಿ. ಅವುಗಳಿಗೆ ಈ ಮಾತು ಅನ್ವಯಿಸುವುದಿಲ್ಲ. ಮಾರಾಟ ನಮ್ಮಲ್ಲಿ, ದುಡ್ಡು ನಮ್ಮದು, ಬೇಯಿಸುವ ವಿಧಾನ ಮಾತ್ರ ನಮಗೆ ತಿಳಿಯದಂತೆ ಇರಬೇಕಾ?

ರಾಜ್ಯ ಸರ್ಕಾರ ಮತ್ತು ಕನ್ನಡ ಅಭಿವೃದ್ಧಿ ಪ್ರಾಧಿಕಾರ ಈ ಕಂಪನಿಗಳ ಜೊತೆ ಮಾತಾಡಬೇಕು. ಹೊಸ ಪ್ಯಾಕೆಟ್ ಅಚ್ಚಾಗುವವರೆಗೆ ಒಂದು ಕನ್ನಡ ಸ್ಟಿಕ್ಕರ್ ಅಂಟಿಸಿ ಕಳಿಸಿದರೂ ನಡೆಯುತ್ತದೆ. ಎಷ್ಟು ಡಿಗ್ರಿ, ಎಷ್ಟು ನಿಮಿಷ, ಕರಗಿಸಬೇಕೋ ಬೇಡವೋ, ಪೇಪರ್ ಹೇಗೆ ಹಾಕಬೇಕು, ಅಷ್ಟಿದ್ದರೆ ಸಾಕು. ಅಕ್ಷರ ದೊಡ್ಡದಾಗಿರಲಿ. ನಮ್ಮ ಮ್ಯಾನೇಜರ್ ಒಪ್ಪಿದ್ದರಿಂದ, ಮೇಲೆ ಹೇಳಿದ ಡಿಗ್ರಿ, ನಿಮಿಷಗಳನ್ನು ನಾನೇ ಕನ್ನಡದಲ್ಲಿ ಬರೆದು ಫ್ರೀಜರಿನ ಗಾಜಿಗೆ ಅಂಟಿಸಿದ್ದೇನೆ. ಬೇರೆ ಅಂಗಡಿಯವರೂ ಹಾಗೆ ಮಾಡಲು ಬಯಸಿದರೆ ಈ ಪತ್ರದಿಂದಲೇ ಬರೆದುಕೊಳ್ಳಬಹುದು.

ಇತಿ,
ನಿಮ್ಮ ಓದುಗಿ,
ಕುವೆಂಪುನಗರ, ಮೈಸೂರು